ಹೋತದ ಮುಂದೆ ಹೇಳಿದ ಮಾತು

ಯಾದಗಿರಿಯ ಪಕ್ಕದ ಮುದನಾಳದ ಕಡೆ ನಾನು ಶಿಕ್ಷಕಿಯಾಗಿದ್ದಾಗ ಒಮ್ಮೆ ನಮಗೆಲ್ಲ ತರಬೇತಿ ಕೊಟ್ಟರು. ಹರೆಯದ ಮಕ್ಕಳೊಂದಿಗೆ ಮಾತಾಡಲು ತಂದೆಯಂದಿರಿಗೆ ಹೇಗೆ ನೆರವಾಗಬೇಕು ಎಂಬುದು ವಿಷಯ. ತರಬೇತಿ ಕೊಡಲು ಬಂದಾತ ಬಣ್ಣದ ಚಾರ್ಟೊಂದನ್ನು ಬಿಚ್ಚಿ ಗೋಡೆಗೆ ಅಂಟಿಸಿದ. ಅದರಲ್ಲಿ ಒಬ್ಬ ಅಪ್ಪ, ಒಬ್ಬ ಮಗಳು ಸೋಫಾದ ಮೇಲೆ ಎದುರುಬದುರು ಕೂತು ನಗುತ್ತಿದ್ದರು. ಕೆಳಗೆ 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ' ಎಂದು ಬರೆದಿತ್ತು. ಚಾರ್ಟು ನೋಡಿದ ತಕ್ಷಣ ನನಗೆ ಗುಮಾನಿ ಬಂತು. ನಮ್ಮ ಕಾಲದಲ್ಲಿ, ನಮ್ಮ ಕಡೆ, ಅಪ್ಪ ಮಗಳ ಕಣ್ಣಲ್ಲಿ ಕಣ್ಣಿಟ್ಟನೆಂದರೆ ಮಗಳ ಶಾಲೆ ಮುಗಿಯಿತೆಂದೇ ತಿಳಿಯುತ್ತಿದ್ದೆವು. ನನ್ನ ಅಪ್ಪ ನನ್ನೊಡನೆ ಮಾತಾಡಲು ಕಲಿತದ್ದು ಹೋತದ ಮುಖ ನೋಡುತ್ತ. ಅದನ್ನು ಆ ತರಬೇತಿಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಬರೆದುಕೊಂಡು ಚಾರ್ಟು ಮಾಡಿಬಿಡುತ್ತಿದ್ದರು.

ಗುಮಾನಿ ನಮ್ಮ ಮನೆಯ ಗುಣ. ಕೆನಾಲು ಬಂದ ಮೇಲೆ ಅದು ಶಹಾಪುರದ ಹತ್ತಿರದ ನಮ್ಮ ಸಗರದ ಸುತ್ತಲಿನ ಎಲ್ಲ ಮನೆಗಳ ಗುಣವಾಯಿತು. ಮೊದಲು ನಮ್ಮ ಹೊಲಗಳಲ್ಲಿ ಜೋಳ, ತೊಗರಿ ಬೆಳೆಯುತ್ತಿದ್ದವು, ಮಳೆ ಎಲ್ಲರಿಗೂ ಒಂದೇ ಸಮ ಬರುತ್ತಿತ್ತು, ಇಲ್ಲವೆ ಎಲ್ಲರಿಗೂ ಒಂದೇ ಸಮ ಕೈಕೊಡುತ್ತಿತ್ತು. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ಕೆನಾಲಿನ ನೀರು ಹಾಗಲ್ಲ. ಅದು ತೂಬಿನಿಂದ ಹೊರಬಿದ್ದು, ಪಾಳಿಯ ಪ್ರಕಾರ ಒಬ್ಬರ ಹೊಲ ಮುಗಿಸಿ ಇನ್ನೊಬ್ಬರ ಹೊಲಕ್ಕೆ ಹೋಗಬೇಕು. ಯಾರ ಪಾಳಿಯೋ ಅವನು ಸಲಿಕೆ ಹಿಡಿದು ತೂಬಿನ ಹತ್ತಿರ ಕೂತಿರುತ್ತಿದ್ದ. ಯಾರ ಪಾಳಿ ಅಲ್ಲವೋ ಅವನು ಸ್ವಲ್ಪ ದೂರದಲ್ಲಿ, ಇವನೇನು ಮಾಡುತ್ತಾನೆಂದು ನೋಡುತ್ತ ಕೂತಿರುತ್ತಿದ್ದ. ನೀರು ಕಾಯಲು ಅನುಕೂಲವೆಂದು ಅಪ್ಪ ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ಮಣ್ಣಿನ ಮನೆ ಕಟ್ಟಿದ. ಅದರ ಪಕ್ಕದಲ್ಲಿ ಕುರಿಹಟ್ಟಿ.

ಕೆಳಗಿನ ಹೊಲದವನ ಜೊತೆ ಅಪ್ಪನಿಗೆ ಖಾಯಂ ಜಗಳ. ಅವನು ತನ್ನ ಪಾಳಿ ಮುಗಿದ ಮೇಲೂ ಒಡ್ಡಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತಾನೆ ಎಂಬುದು ಅಪ್ಪನ ಗುಮಾನಿ. ಮೇಲಿನ ಹೊಲದವರಾದ ನಾವು ಕುರಿಗೆ ಕುಡಿಸುವ ನೆಪದಲ್ಲಿ ನೀರು ತಿರುಗಿಸುತ್ತೇವೆ ಎಂಬುದು ಅವನ ಗುಮಾನಿ. ನನಗನ್ನಿಸುವಂತೆ ಇಬ್ಬರದೂ ಖರೆ ಇತ್ತು.

ನಾನು ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ಹಿಂದೆ ಹೋಗುತ್ತಿದ್ದ. ಯಾವ ಮರಿ ಯಾವ ತಾಯಿಯದು ಎಂದು ಕೇಳಿ ನನ್ನ ಬಾಯಿ ಬಿಡಿಸುತ್ತಿದ್ದ. ನಾನು ದೊಡ್ಡವಳಾದ ಮೇಲೆ ಅದೆಲ್ಲ ನಿಂತಿತು. ಯಾರೂ ಹೀಗೆಯೇ ಮಾಡಬೇಕೆಂದು ಹೇಳಿರಲಿಲ್ಲ, ಆದರೆ ನಮ್ಮ ಮನೆತನದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಬೆಳೆದ ಮಗಳ ಜೊತೆ ಅಪ್ಪ ನೇರ ಮಾತಾಡುತ್ತಿರಲಿಲ್ಲ. ಮಾತೆಲ್ಲ ಅವ್ವನ ಮೂಲಕ. ನಾನು ಕೈಯಳತೆಯಲ್ಲಿ ನಿಂತಿದ್ದರೂ ಅಪ್ಪ ಅವ್ವನ ಕಡೆ ತಿರುಗಿ, "ಹೊತ್ತು ಮುಳುಗೋದ್ರೊಳಗ ಮನಿ ಸೇರಬೇಕು ಅಂತ ಅಕಿಗೆ ಹೇಳು" ಅನ್ನುತ್ತಿದ್ದ. ಅವ್ವ ನನ್ನ ಕಡೆ ತಿರುಗಿ ಅದೇ ಮಾತಿಗೆ ಎರಡು ಬೈಗುಳ ಸೇರಿಸಿ ಹೇಳುತ್ತಿದ್ದಳು. ನಾನು ಉತ್ತರವನ್ನು ಅವ್ವನಿಗೆ ಕೊಡುತ್ತಿದ್ದೆ, ಅವಳು ಅದರಲ್ಲಿನ ಖಾರ ತೆಗೆದು ಅಪ್ಪನಿಗೆ ಮುಟ್ಟಿಸುತ್ತಿದ್ದಳು.

ನಾನು ಹತ್ತನೆಯ ತರಗತಿಗೆ ಬಂದ ವರ್ಷ ಸುರಪುರದಲ್ಲಿ ನನ್ನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಅವ್ವ ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಉಳಿದೆವು, ನಡುವೆ ಮಾತು ದಾಟಿಸುವವರು ಯಾರೂ ಇಲ್ಲ. ಮೊದಲ ದಿನ ಪೂರ್ತಿ ಮೌನ. ಮರುದಿನ ಊಟಕ್ಕೆ ಕೂತಾಗ ಅಪ್ಪ ಅತ್ತಿತ್ತ ನೋಡಿದ. ಕಟ್ಟೆಯ ಗೂಟಕ್ಕೆ ಹೋತ ಕಟ್ಟಿತ್ತು. ಹಟ್ಟಿಯಲ್ಲಿ ಬಿಟ್ಟರೆ ಉಳಿದವನ್ನೆಲ್ಲ ಗುದ್ದುತ್ತದೆಂದು ಆ ಗಂಡು ಆಡನ್ನು ಮನೆ ಮುಂದೆಯೇ ಕಟ್ಟುತ್ತಿದ್ದೆವು.

"ಏ, ಪಲ್ಯಾಕ ಉಪ್ಪು ಜಾಸ್ತಿ ಆಗ್ಯಾದ ಅಂತ ಹೇಳು," ಎಂದ ಅಪ್ಪ ಹೋತಕ್ಕೆ.

ನಾನು ಒಲೆಯ ಮುಂದಿನಿಂದಲೇ ಹೇಳಿದೆ, "ನಾಳೆ ಕಮ್ಮಿ ಹಾಕ್ತಾಳಂತ ಹೇಳೋ."

ಹೋತ ಇಬ್ಬರನ್ನೂ ನೋಡಿ ಗಡ್ಡ ಅಲ್ಲಾಡಿಸಿತು. ಅಂದಿನಿಂದ ಅವ್ವನ ಕೆಲಸ ಅದರ ಪಾಲಿಗೆ ಬಂತು. ರೊಟ್ಟಿ ಕಟ್ಟುವುದು, ಕುರಿಗೆ ನೀರಿಡುವುದು, ಶಾಲೆಯಿಂದ ಬರುವ ಹೊತ್ತು, ಎಲ್ಲವನ್ನೂ ಅಪ್ಪ ಹೋತದ ಮುಂದೆ ಹೇಳುತ್ತಿದ್ದ, ನಾನೂ ಅದರ ಮುಂದೆಯೇ ಉತ್ತರಿಸುತ್ತಿದ್ದೆ. ಅವ್ವನಿಗಿಂತ ಅದು ವಾಸಿ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು, ಯಾಕೆಂದರೆ ಅದು ತನ್ನದೇನನ್ನೂ ಸೇರಿಸುತ್ತಿರಲಿಲ್ಲ.

ಹೊಲದ ಮನೆಯಿಂದ ಊರ ಹೈಸ್ಕೂಲಿಗೆ ಎರಡು ಹಾದಿ. ಒಂದು ಬಂಡಿಹಾದಿ, ಅದು ನೆಟ್ಟಗೆ ಹೋಗುತ್ತದೆ. ಇನ್ನೊಂದು ಕೆನಾಲಿನ ದಂಡೆ, ಅದು ಸುತ್ತು ಹಾಕುತ್ತದೆ. ಬಂಡಿಹಾದಿಯಲ್ಲಿ ಕೆನಾಲು ಬಂದ ಮೇಲೆ ಒಂದು ಚಾದ ಹೊಟೇಲು ಆಗಿತ್ತು. ಅದರ ಮುಂದಿನ ಕಲ್ಲುಬೆಂಚಿನ ಮೇಲೆ ಹುಡುಗರ ಗುಂಪೊಂದು ಬೆಳಿಗ್ಗೆಯಿಂದ ಕೂತಿರುತ್ತಿತ್ತು. ಊರವರೇ ಕೆಲವರು, ಟ್ರ್ಯಾಕ್ಟರಿನ ಜೊತೆ ಬಂದವರು ಕೆಲವರು. ಮೊದಲು ಹಾಡು, ಆಮೇಲೆ ಹೆಸರು ಹಿಡಿದು ಕೂಗುವುದು. ಒಂದು ದಿನ ಒಬ್ಬ ಸೈಕಲ್ಲನ್ನು ಹಾದಿಗೆ ಅಡ್ಡ ಹಾಕಿ ನನ್ನ ಚೀಲ ಹಿಡಿದೆಳೆದ. ಚೀಲದ ಪಟ್ಟಿ ಹರಿಯಿತು, ನಾನು ಓಡಿದೆ. ಮರುದಿನದಿಂದ ದಂಡೆಯ ಹಾದಿ ಹಿಡಿದೆ.

ಅಪ್ಪನಿಗೆ ಹೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ತನ್ನ ಅಪ್ಪನಿಗೆ ಹೇಳಿದಳು. ಅವನು ಹೋಗಿ ಒಬ್ಬನ ಕೆನ್ನೆಗೆ ಬಾರಿಸಿ ಬಂದ, ಊರೆಲ್ಲ ಅವನನ್ನು ಹೊಗಳಿತು. ಹೊಗಳಿಸಿಕೊಂಡು ಮನೆಗೆ ಬಂದವನೇ ಮಗಳ ಶಾಲೆ ಬಿಡಿಸಿದ. ಬಿಳಿಜೋಳದ ರಾಶಿ ಆಗುವುದರೊಳಗೆ ಅವಳ ಲಗ್ನವೂ ಆಯಿತು. ತಪ್ಪು ಮಾಡಿದವರು ಬೆಂಚಿನ ಮೇಲೇ ಇದ್ದರು, ಶಾಲೆಯ ಬೆಂಚು ಖಾಲಿಯಾಯಿತು. ನನಗೆ ಹತ್ತನೆಯದು ಮುಗಿಸಿ ಶಹಾಪುರಕ್ಕೆ ಕಾಲೇಜಿಗೆ ಹೋಗಬೇಕೆಂಬ ಹಟ ಇತ್ತು. ಆ ಹಟ ಉಳಿಯಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ತಿಳಿದಿದ್ದೆ.

ಆದರೆ ದಂಡೆಯ ಮೇಲೆ ನಡೆದರೆ ನಾಲ್ಕು ಹೊಲಕ್ಕೆ ಕಾಣುತ್ತದೆ. ಒಂದು ಸಂಜೆ ನೀರಿನ ಜಗಳದ ನಡುವೆ ಕೆಳಗಿನ ಹೊಲದವನು ಅಪ್ಪನಿಗೆ ಕೂಗಿ ಹೇಳಿದ, "ನನ್ನ ಒಡ್ಡು ಆಮ್ಯಾಲ ನೋಡುವಂತಿ. ನಿನ್ನ ಮಗಳು ದಿನಾ ಒಬ್ಬಾಕಿನ ಕೆನಾಲ್ ದಂಡಿ ಮ್ಯಾಲ ಯಾಕ ತಿರಗತಾಳ, ಮೊದಲ ಅದನ್ನ ನೋಡ್ಕೋ."

ಅಪ್ಪ ಆ ದಿನ ಮನೆಗೆ ಬಂದು ಕೈಕಾಲು ತೊಳೆಯಲಿಲ್ಲ. ಹೋತದ ಮುಂದೆ ಕೂತ.

"ನೆಟ್ಟನ ಹಾದಿ ಬಿಟ್ಟು ಕೆಲವೊಬ್ಬರು ದಂಡಿ ಹಿಡದಾರಂತ. ಅಲ್ಲಿ ಏನ್ ಇಟ್ಟಾರ ಅಂತ ಕೇಳು."

"ನೆಳ್ಳ ಅದ ಅಂತ ಹೇಳೋ," ಎಂದೆ.

ಹೊಸದಾಗಿ ಮಣ್ಣು ಹಾಕಿದ ದಂಡೆ ಅದು. ಅದರ ಮೇಲೆ ನೆರಳಿಗೆ ಒಂದು ಜಾಲಿಗಿಡವೂ ಇರಲಿಲ್ಲ. ಅಪ್ಪನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಎದ್ದು ಕುರಿಹಟ್ಟಿಯ ಕಡೆ ಹೋದ.

ಮರುದಿನದಿಂದ ನಮ್ಮ ಕುರಿಗಳು ದಂಡೆಯ ಕೆಳಗೆ ಮೇಯತೊಡಗಿದವು. ಅಲ್ಲಿ ಮೇಯುವಂಥದ್ದೇನೂ ಇರಲಿಲ್ಲ. ನಾನು ಮೇಲೆ ನಡೆದರೆ ಅಪ್ಪ ಕೆಳಗೆ, ಕಂಬಳಿ ಹೊದ್ದು, ಕುರಿಗಳ ನಡುವೆ ಬಗ್ಗಿ ಬಗ್ಗಿ ಬರುತ್ತಿದ್ದ. ತಾನು ಕಾಣುತ್ತಿಲ್ಲವೆಂದು ಅವನ ಭರವಸೆ. ನನ್ನ ಹಿಂದೆ ಹುಡುಗ ಬರುತ್ತಾನೋ ಎಂದು ಅವನು ನೋಡುತ್ತಿದ್ದ, ನನ್ನ ಹಿಂದೆ ಅಪ್ಪ ಬರುತ್ತಾನೋ ಎಂದು ನಾನು ನೋಡುತ್ತಿದ್ದೆ. ಹೀಗೆ ತಿರುತಿರುಗಿ ನೋಡುವುದು ಕಂಡು ಅವನ ಗುಮಾನಿ ಇನ್ನೂ ಹೆಚ್ಚಾಯಿತು. ಮೇಲಾಗಿ ನಾನು ನಡೆಯುತ್ತ ಸಮಾಜದ ಪಾಠವನ್ನು ಬಾಯಿಪಾಠ ಮಾಡುತ್ತಿದ್ದೆ.

ಸಂಜೆ ಅಪ್ಪ ಹೋತಕ್ಕೆ ಹೇಳಿದ, "ಯಾರರ ಕೂಡ ಮಾತಾಡಿದ್ರ ತಿಳೀತಿತ್ತು. ಒಬ್ಬಾಕಿನ ಮಾತಾಡ್ಕೋತ ಹೊಂಟಿರ್ತಾಳ. ಇದಕ್ಕೇನ್ ಅಂತಾರೋ?"

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮಾತಾಡಿಕೊಳ್ಳಲು ಕೂಡ ನಮಗೆ ಒಂದು ಪ್ರಾಣಿ ಬೇಕಾಗಿತ್ತು.

ಅದೇ ಹೊತ್ತಿಗೆ ಶಾಲೆಯಲ್ಲಿ ಒಬ್ಬ ಮಾಸ್ತರರು ಒಂದು ಸಭೆ ಕರೆದರು. ಸುರಪುರದ ಕಡೆಯವರು, ಹೊಸದಾಗಿ ಬಂದವರು. ಹುಡುಗಿಯರು ಒಬ್ಬೊಬ್ಬರೇ ಶಾಲೆ ಬಿಡುವುದನ್ನು ನೋಡಿ ಅವರಿಗೆ ಸಹಿಸಲಾಗದಂತಾಗಿತ್ತು. ಊರಲ್ಲಿ ಡಂಗುರ ಹೊಡೆಸಿದರು: ಶನಿವಾರ ಶಾಲೆಯಲ್ಲಿ ಸಭೆ, ಗಂಡಸರು ಮಾತ್ರ ಬರಬೇಕು, ಅದರಲ್ಲೂ ಮಕ್ಕಳಿದ್ದವರು ಮಾತ್ರ ಬರಬೇಕು.

ಅಷ್ಟೇ ಸಾಕಾಯಿತು. ಮಕ್ಕಳಿದ್ದ ಗಂಡಸರನ್ನು ಮಾತ್ರ ಶಾಲೆಗೆ ಕರೆದು ಕೂಡಿಹಾಕಿದ ಒಂದು ಕಾಲ ನಮ್ಮ ಕಡೆ ಆಗಿಹೋಗಿತ್ತು. ಆಗ ಒತ್ತಾಯಕ್ಕೆ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡವರು, ಜೋಳದ ಹೊಲದಲ್ಲಿ ಅಡಗಿ ತಪ್ಪಿಸಿಕೊಂಡವರು ಇನ್ನೂ ಬದುಕಿದ್ದರು. ಡಂಗುರದವನು ಇನ್ನೊಂದು ಓಣಿ ದಾಟುವುದರೊಳಗೆ ಮತ್ತೆ ಆಪರೇಷನ್ ಬಂತೆಂದು ಸುದ್ದಿ ಹಬ್ಬಿತು. ಶನಿವಾರ ಎಷ್ಟೋ ಗಂಡಸರು ನೆಂಟರ ಊರಿಗೆ ಹೊರಡಲು ತಯಾರಾದರು. ಅಪ್ಪನೂ ರಾಮಸಮುದ್ರಕ್ಕೆ ಟಗರು ನೋಡಲು ಹೋಗುವವನಿದ್ದ. ಅಷ್ಟರಲ್ಲಿ ಕೆಳಗಿನ ಹೊಲದವನು ಸಭೆಗೆ ಹೋಗುತ್ತಾನೆಂದು ತಿಳಿಯಿತು. ತಾನಿಲ್ಲದ ಸಭೆಯಲ್ಲಿ ಅವನು ನೀರಿನ ಬಗ್ಗೆ ಏನು ಹೇಳಿಬಿಡುತ್ತಾನೋ ಎಂದು ಅಪ್ಪ ಟಗರು ಬಿಟ್ಟು ಶಾಲೆಗೆ ಬಂದ.

ಚಾ ಕೊಡಲು ಮಾಸ್ತರರು ನಮ್ಮನ್ನು ಕೆಲವು ಹುಡುಗಿಯರನ್ನು ಇರಿಸಿಕೊಂಡಿದ್ದರು. ಬಂದ ಗಂಡಸರೆಲ್ಲ ಬಾಗಿಲ ಹತ್ತಿರವೇ ಒತ್ತೊತ್ತಾಗಿ ಕೂತರು. ಮುಂದಿನ ಸಾಲುಗಳೆಲ್ಲ ಖಾಲಿ. ಚಪ್ಪಲಿ ಯಾರೂ ಬಿಡಲಿಲ್ಲ. ನಾವು ಚಾ ತಂದರೆ ಯಾರೂ ಮುಟ್ಟಲಿಲ್ಲ, ಅದರಲ್ಲಿ ಮತ್ತು ಬರುವ ಔಷಧ ಇರಬಹುದು. ಮಾಸ್ತರರು ನಮ್ಮ ಕೈಯಿಂದ ಒಂದು ಲೋಟ ತೆಗೆದುಕೊಂಡು ಎಲ್ಲರೂ ನೋಡುವಂತೆ ಕುಡಿದರು. ಆಗ ಗಾಳಿಗೆ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಬಂದವರಲ್ಲಿ ಅರ್ಧ ಜನ ಎದ್ದು ನಿಂತರು.

"ಬಾಗಲ ತಗದ ಇಡ್ತೀನ್ರಿ," ಎಂದರು ಮಾಸ್ತರರು. "ಕಲ್ಲು ಇಡ್ರವ್ವ ಅದಕ್ಕ. ನಾ ನಿಮಗೇನೂ ಮಾಡಂಗಿಲ್ಲ, ಬರೇ ಮಾತಾಡೋದದ."

"ಹಂಗಾದ್ರ ಹೆಣ್ಮಕ್ಕಳನ್ನ ಯಾಕ ಕರದಿಲ್ರಿ?" ಎಂದು ಒಬ್ಬ ಹಿರಿಯ ಕೇಳಿದ.

"ತಾಯಂದ್ರು ಮಕ್ಕಳ ಕೂಡ ಮಾತಾಡ್ತಾರ್ರಿ. ಮಾತಾಡದವ್ರು ನೀವು."

"ಬೆಳದ ಮಗಳ ಕೂಡ ಏನ್ ಮಾತಾಡೋದ್ರಿ ಮಾಸ್ತರ? ಮಳಿ ಬೆಳಿ ಮಾತಾಡೋಣೇನು?"

"ಮಾತಾಡ್ರಿ. ಅದೂ ನಡೀತದ."

ಒಂದಿಬ್ಬರು ನಕ್ಕರು. ನಕ್ಕ ಮೇಲೆ ಚಾ ಕುಡಿದರು. ಮಾಸ್ತರರು ಉದ್ದ ಭಾಷಣವನ್ನೇನೂ ಮಾಡಲಿಲ್ಲ. ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ, ಯಾಕೆಂದರೆ ನಾನು ಆಗ ಅಪ್ಪನ ಬೆನ್ನ ಹಿಂದೆಯೇ ಲೋಟ ಹಿಡಿದು ನಿಂತಿದ್ದೆ.

"ನಿಮ್ಮ ಮನಸಿನ್ಯಾಗ ಮಕ್ಕಳ ಮ್ಯಾಲ ಏನ್ ಗುಮಾನಿ ಅದ, ಅದನ್ನ ಮಂದಿಗೆ ಕೇಳಬ್ಯಾಡ್ರಿ, ಮಕ್ಕಳಿಗೇ ಕೇಳ್ರಿ. ಕೇಳೂ ಮುಂದ ಬೈಬ್ಯಾಡ್ರಿ. ಕೇಳಿದ ಮ್ಯಾಲ ಉತ್ತರ ಬರೋತನಕ ಸುಮ್ನ ಕುಂದರ್ರಿ. ತೂಬಿನ ಮ್ಯಾಲ ನೀರು ಬರೋತನಕ ಕುಂದರ್ತೀರಲ್ಲ, ಹಂಗ."

"ಉತ್ತರ ಬಂದ ಮ್ಯಾಲ್ರಿ?" ಕೇಳಿದವನು ನನ್ನ ಅಪ್ಪ. ಅವನು ಸಭೆಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಮೊದಲ ಸಲ ನೋಡಿದೆ.

"ಆವತ್ತ ಏನೂ ಮಾಡಬ್ಯಾಡ್ರಿ. ಒಂದು ರಾತ್ರಿ ದಾಟಲಿ."

"ಸಿಟ್ಟು ಬಂದ್ರ?"

"ಬರ್ತದ್ರಿ. ಬಂದ್ರ ಸಲಿಕಿ ತಗೊಂಡ ಹೊಲಕ್ಕ ಹೋಗ್ರಿ. ಸಾಲಿ ಮಾತ್ರ ಬಿಡಸಬ್ಯಾಡ್ರಿ."

ಅಪ್ಪ ಆಚೆ ಸಾಲಿನಲ್ಲಿದ್ದ ಕೆಳಗಿನ ಹೊಲದವನ ಕಡೆ ಒಮ್ಮೆ ನೋಡಿದ. ಅವನೂ ಇವನ ಕಡೆ ನೋಡುತ್ತಿದ್ದ.

ಆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಹೋತಕ್ಕೆ ತೊಗರಿ ಹೊಟ್ಟು ಹಾಕಿ ಅದರ ಪಕ್ಕ ಕೂತ. ಬಹಳ ಹೊತ್ತು ಅದರ ಕೊಂಬು ಸವರುತ್ತಿದ್ದ. ಆಮೇಲೆ ಕೇಳಿದ.

"ಬಂಡಿ ಹಾದಿಗೆ ಏನ್ ತ್ರಾಸ ಅದ ಅಂತ ಕೇಳೋ. ಬೈಯಂಗಿಲ್ಲ ಅಂತನೂ ಹೇಳು."

ನನ್ನ ಕೈ ನಿಂತಿತು. ಇಷ್ಟು ದಿನ ಅವನು ದಂಡೆಯ ಮೇಲೆ ಏನಿದೆ ಎಂದೇ ಕೇಳುತ್ತಿದ್ದ. ಬಂಡಿಹಾದಿಯಲ್ಲಿ ಏನಿದೆ ಎಂದು ಕೇಳಿದ್ದು ಅಂದೇ. ಆದರೂ ನಾನು ನಂಬಲಿಲ್ಲ. ಇದು ಮಾಸ್ತರರು ಕಲಿಸಿದ ಬಲೆ, ಬಾಯಿ ಬಿಡಿಸಿ ಆಮೇಲೆ ಶಾಲೆ ಬಿಡಿಸುವ ಹೊಸ ದಾರಿ ಎಂದುಕೊಂಡೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅಪ್ಪ ಸುಮ್ಮನೆ ಕೂತಿದ್ದ. ರೊಟ್ಟಿ ಹೊತ್ತಿದ ವಾಸನೆಗೂ ಏನೂ ಅನ್ನಲಿಲ್ಲ. ತೂಬಿನ ಹತ್ತಿರ ಹೀಗೆಯೇ ಕೂತಿರುತ್ತಿದ್ದ, ಕೆಳಗೆ ನೋಡುತ್ತ, ಎಷ್ಟು ಹೊತ್ತಾದರೂ ಸರಿ ಎಂಬಂತೆ. ಆ ಕೂರುವಿಕೆಗೆ ನಾನು ಸೋತೆ.

ಎದ್ದು ಹೊರಗೆ ಬಂದು ಹೋತದ ಇನ್ನೊಂದು ಪಕ್ಕ ಕೂತೆ. ಅದರ ಕಿವಿ ನೋಡುತ್ತ ಎಲ್ಲ ಹೇಳಿದೆ. ಬೆಂಚು, ಹಾಡು, ಸೈಕಲ್ಲು, ಹರಿದ ಚೀಲದ ಪಟ್ಟಿ. ಗೆಳತಿಯ ಕತೆಯನ್ನೂ ಹೇಳಿದೆ.

"ಅಪ್ಪಗ ಹೇಳಿದ್ರ ಸಾಲಿ ಬಿಡಸ್ತಾನ ಅಂತ ಹೇಳಿರಲಿಲ್ಲ," ಎಂದೆ ಹೋತಕ್ಕೆ. "ಅವರ ಹೆದರಿಕಿಕಿಂತ ಅಪ್ಪನ ಹೆದರಿಕಿ ಹೆಚ್ಚ ಆಗಿತ್ತು. ಇದನ್ನೂ ಹೇಳು."

ಅಪ್ಪನ ಕೈ ಕೊಂಬಿನ ಮೇಲೆ ಗಟ್ಟಿಯಾಯಿತು, ಹೋತ ತಲೆ ಕೊಸರಿತು. ಅವನು ಎದ್ದ. ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಹೊಲಕ್ಕೆ ಹೋದ. ಆ ದಿನ ನಮ್ಮ ಪಾಳಿ ಇರಲಿಲ್ಲ, ಕಾಲುವೆಯಲ್ಲಿ ನೀರೂ ಇರಲಿಲ್ಲ. ಕತ್ತಲಾಗುವವರೆಗೆ ಒಣ ಒಡ್ಡು ಕಡಿಯುವ ಸಪ್ಪಳ ಕೇಳುತ್ತಿತ್ತು. ಬಂದು ಉಂಡು ಕಂಬಳಿ ಹೊದ್ದ. ನಾನು ಹೇಳಿ ಕೆಟ್ಟೆ ಎಂದುಕೊಂಡು ಮಲಗಿದೆ.

ಸೋಮವಾರ ಶಾಲೆಯಿಂದ ಬಂದೆ. ದೂರದಿಂದಲೇ ನಮ್ಮ ಕಟ್ಟೆಯ ಮೇಲೆ ಜನ ಕಂಡರು. ಹತ್ತಿರ ಬಂದರೆ ಗೂಟದಲ್ಲಿ ಹೋತ ಇಲ್ಲ. ಹಗ್ಗವೂ ಇಲ್ಲ. ಕಟ್ಟೆಯ ಮೇಲೆ, ಹೋತ ನಿಲ್ಲುತ್ತಿದ್ದ ಜಾಗದಲ್ಲೇ, ಕಂಬಳಿ ಹಾಸಿ ಕೆಳಗಿನ ಹೊಲದವನನ್ನು ಕೂರಿಸಿದ್ದರು. ನಮ್ಮ ಕಟ್ಟೆಯ ಕಲ್ಲು ಮುಟ್ಟದ ಮನುಷ್ಯ ಬಿಳಿ ರುಮಾಲು ಸುತ್ತಿಕೊಂಡು ಕೂತಿದ್ದ. ಜೊತೆಗೆ ಊರಿನ ಇನ್ನಿಬ್ಬರು ಹಿರಿಯರು. ನಾನು ಬಂದದ್ದು ನೋಡಿ ಅವರೆಲ್ಲ ಮಾತು ನಿಲ್ಲಿಸಿದರು.

ನನಗೆ ಎಲ್ಲ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡೆ. ಅವನಿಗೆ ಲಗ್ನದ ವಯಸ್ಸಿನ ಮಗನಿದ್ದ. ನೀರಿನ ಜಗಳಗಳು ನಮ್ಮ ಕಡೆ ಬೀಗತನದಲ್ಲಿ ಮುಗಿಯುವುದು ಹೊಸದಲ್ಲ. ಹೆಣ್ಣು ಕೊಟ್ಟರೆ ಒಡ್ಡಿನ ಸಂದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹೋತ ಎಲ್ಲಿ ಹೋಯಿತೆಂದು ಕೇಳಬೇಕಾಗಿರಲಿಲ್ಲ, ಮಾತು ಮುಗಿದ ಮನೆಯಲ್ಲಿ ಬೀಗರಿಗೆ ಊಟ ಹಾಕಬೇಕಲ್ಲ. ನಾನು ಅದರ ಕಿವಿಯಲ್ಲಿ ಹೇಳಿದ ಮಾತಿಗೆ ಅದನ್ನೇ ಕಡಿದರು ಎಂದುಕೊಂಡೆ.

"ಚಾ ಮಾಡವ್ವ ಜರಾ," ಎಂದ ಹಿರಿಯರಲ್ಲೊಬ್ಬ. "ಯಾವ ಇಯತ್ತೆ ಈಗ ನೀನು?"

ಹೆಣ್ಣು ನೋಡಲು ಬಂದವರು ಕೇಳುವುದೂ ಇದನ್ನೇ. ನಾನು ಒಳಗೆ ಹೋಗಿ ಒಲೆ ಹಚ್ಚಲಿಲ್ಲ. ಚೀಲ ಒಳಗೆ ಎಸೆದು ಹಾಗೆಯೇ ಹೊರಗೆ ಬಂದೆ. ಅಪ್ಪನ ಎದುರಿಗೆ ನಿಂತೆ.

"ಅಪ್ಪಾ, ನಾ ಲಗ್ನ ಮಾಡ್ಕೊಳ್ಳಂಗಿಲ್ಲ. ನಾ ಶಾಪೂರಕ್ಕ ಕಾಲೇಜಿಗೆ ಹೋಗ್ತೀನಿ. ನೀ ಕೇಳಿದಿ ಅಂತ ನಾ ಹೇಳಿದೆ. ಹೇಳಿದ್ದಕ್ಕ ನನಗ ಇದು ಮಾಡ್ತೀಯೇನು?"

ಅಪ್ಪ ನನ್ನ ಮುಖ ನೋಡಿದ. ಎಷ್ಟೋ ವರ್ಷದ ಮೇಲೆ ನೇರ ನೋಡಿದ. ಮೊದಲು ನಕ್ಕವನು ಕೆಳಗಿನ ಹೊಲದವನು.

"ಯಾರ ಲಗ್ನ ಯವ್ವಾ? ಎರಡು ಬೊಗಸಿ ನೀರಿಗೆ ನಿಮ್ಮಪ್ಪ ನನ್ನ ನಂಬಂಗಿಲ್ಲ, ಮಗಳನ್ನ ಕೊಡ್ತಾನೇನು?" ಆಮೇಲೆ ನಗು ಬಿಟ್ಟು ಹೇಳಿದ, "ನನ್ನ ಮಗಳೂ ಆ ಹೊಟೇಲ್ ಮುಂದನ ಹೋಗ್ತಾಳ. ನಿನ್ನೆ ನಾನೂ ಕೇಳಿದೆ. ಅಕಿನೂ ಹೇಳಿದ್ಲು. ನೀ ಏನ್ ಹೇಳಿದಿ ಅಂತ ನಿಮ್ಮಪ್ಪ ನನಗ ಹೇಳಿದ, ಅಕಿದೂ ಅದ ಮಾತು."

ಅವನ ಮಗಳು ನನಗಿಂತ ಕೆಳಗಿನ ತರಗತಿಯಲ್ಲಿದ್ದಳು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವರು ಕೂತದ್ದು ಪಾಳಿ ಹಾಕಲು. ಹುಡುಗರನ್ನು ಹೊಡೆದರೆ ಸುದ್ದಿ ಹುಡುಗಿಯರ ಹೆಸರಿನಲ್ಲೇ ಹಬ್ಬುತ್ತದೆ ಎಂಬುದು ಗೆಳತಿಯ ಮನೆಯ ಪ್ರಸಂಗದಿಂದ ಅವರಿಗೂ ತಿಳಿದಿತ್ತು. ಹಾಗಾಗಿ ಹೊಡೆಯುವ ಮಾತು ಬಿಟ್ಟು ಕಾಯುವ ಮಾತು ಆಡುತ್ತಿದ್ದರು. ತೂಬಿಗೆ ಹೇಗೋ ಹಾಗೆಯೇ ಬೆಂಚಿಗೆ. ಶಾಲೆಗೆ ಹೋಗುವ ಹೊತ್ತು, ಬಿಡುವ ಹೊತ್ತು, ಒಬ್ಬೊಬ್ಬ ಅಪ್ಪ ಆ ಕಲ್ಲುಬೆಂಚಿನ ಮೇಲೆ ಕೂತು ಚಾ ಕುಡಿಯಬೇಕು. ಯಾರಿಗೂ ಏನೂ ಅನ್ನಬೇಕಾಗಿಲ್ಲ. ಕೂತರೆ ಸಾಕು.

"ಮತ್ತ ಹೋತ ಎಲ್ಲಿ?" ಎಂದು ಕೇಳಿದೆ. ಅಪ್ಪನನ್ನೇ ಕೇಳಿದೆ.

"ಹಟ್ಟ್ಯಾಗ ಕಟ್ಟೀನಿ," ಎಂದ ಅಪ್ಪ. "ಮಂದಿ ಕುಂದರಾಕ ಜಾಗ ಬೇಕಿತ್ತು."

ಹಟ್ಟಿಯ ಕಡೆಯಿಂದ ಯಾವುದೋ ಕುರಿ ಗುದ್ದಿಸಿಕೊಂಡು ಅರಚುವುದು ಕೇಳಿಸಿತು. ನಾನು ಒಳಗೆ ಹೋಗಿ ಚಾ ಇಟ್ಟೆ. ಸಕ್ಕರೆ ಕೈ ತಪ್ಪಿ ಜಾಸ್ತಿ ಬಿತ್ತು, ಎಲ್ಲರೂ ಕುಡಿದರು. ಜಾಗದ ಮಾತನ್ನು ನಾನು ನಂಬಲಿಲ್ಲ. ಮಂದಿ ಎದ್ದುಹೋದ ಮೇಲೂ ಅಪ್ಪ ಹೋತವನ್ನು ಕಟ್ಟೆಗೆ ತಂದು ಕಟ್ಟಲಿಲ್ಲ.

ಮರುದಿನದಿಂದ ನಾನು ಬಂಡಿಹಾದಿಯಲ್ಲಿ ಹೋದೆ. ಬೆಂಚಿನ ನಡುವೆ ಕೆಳಗಿನ ಹೊಲದವನು ಕಾಲು ಅಗಲಿಸಿ ಕೂತಿದ್ದ, ಪಕ್ಕದಲ್ಲಿ ಸಲಿಕೆ. ಚಾ ಕುಡಿಯಲು ಸಲಿಕೆ ಯಾಕೆ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ದೂರದ ಬೇವಿನ ಮರದ ಕೆಳಗೆ ಅಪ್ಪ ನಿಂತಿದ್ದ. ಅಂದು ಅವನ ಪಾಳಿ ಅಲ್ಲ. ಕೆಳಗಿನ ಹೊಲದವನು ಸರಿಯಾಗಿ ಕಾಯುತ್ತಾನೋ, ಚಾ ಕುಡಿದು ಎದ್ದುಬಿಡುತ್ತಾನೋ ಎಂದು ನೋಡಲು ಬಂದಿದ್ದ. ಅಪ್ಪನ ಪಾಳಿಯ ದಿನ ಅವನು ಬೇವಿನ ಕೆಳಗೆ ನಿಂತ. ಹೀಗೆ ಒಬ್ಬರನ್ನೊಬ್ಬರು ನಂಬದೆ ಇದ್ದುದರಿಂದ ಪ್ರತಿದಿನ ಒಬ್ಬರ ಬದಲು ಇಬ್ಬರು ಇರುತ್ತಿದ್ದರು. ಹುಡುಗರು ಮೊದಲು ಬೆಂಚು ಬಿಟ್ಟರು, ಆಮೇಲೆ ಹೊಟೇಲು ಬಿಟ್ಟರು. ಅವರು ಬಿಟ್ಟ ಮೇಲೂ ಅಪ್ಪಂದಿರು ಬಿಡಲಿಲ್ಲ. ಎಲ್ಲಿ ಅಡಗಿದ್ದಾರೋ ಯಾರಿಗೆ ಗೊತ್ತು ಎಂದು ಪರೀಕ್ಷೆ ಮುಗಿಯುವವರೆಗೂ ಕೂತರು.

ಅಜ್ಜಿ ಓಡಾಡುವಂತಾದ ಮೇಲೆ ಅವ್ವ ವಾಪಸು ಬಂದಳು. ಅವಳು ಬಂದದ್ದೇ ತಡ, ಅಪ್ಪ ಹಳೆಯ ಅಭ್ಯಾಸಕ್ಕೆ ಮರಳಿದ. "ಅಕಿಗೆ ಹೇಳು, ನೀರು ತರಲಿ." "ಅಕಿಗೆ ಹೇಳು, ದೀಪ ಹಚ್ಚಲಿ." ನನಗೆ ಮೈ ಪರಚಿಕೊಳ್ಳುವಂತಾಯಿತು. ಕಟ್ಟೆಯ ಮೇಲೆ ನಡೆದದ್ದು ಒಂದು ದಿನದ ಮಾತಾಗಿತ್ತೇ, ಮಂದಿಯ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಹಾಗಿದ್ದನೇ ಎಂದು ಗುಮಾನಿ ಪಟ್ಟೆ. ಫಲಿತಾಂಶ ಬಂತು, ಪಾಸಾದೆ. ಅಪ್ಪ ಪಾಸಾದ ಸುದ್ದಿಗೂ ಅವ್ವನಿಗೇ ತಲೆ ಆಡಿಸಿದ.

ಅದೇ ವಾರ ಒಂದು ಸಂಜೆ ಮೂವರೂ ಕಟ್ಟೆಯ ಮೇಲೆ ಕೂತಿದ್ದೆವು. ಕೆನಾಲಿಗೆ ನೀರು ಬಿಡುವ ಸುದ್ದಿ ಇತ್ತು, ಅಪ್ಪ ಸಲಿಕೆಯ ಹಿಡಿ ಬಿಗಿ ಮಾಡುತ್ತಿದ್ದ. ತಲೆ ಎತ್ತದೆ ಅವ್ವನಿಗೆ ಹೇಳಿದ.

"ಶಾಪೂರಕ್ಕ ಹೋಗ್ತಾಳೇನು, ಅಕಿಗೆ ಕೇಳು."

ಅವ್ವ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಅಂದೆ, "ಅಪ್ಪಾ, ನೀನ ಕೇಳು."

ಅವ್ವ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ತಾನಿಲ್ಲದಾಗ ಈ ಮನೆಯಲ್ಲಿ ಏನು ನಡೆದಿದೆಯೋ ಎಂಬ ಗುಮಾನಿ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಪ್ಪ ಖಾಲಿ ಗೂಟದ ಕಡೆ ಒಮ್ಮೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಸಲಿಕೆ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಹೋಗ್ತಿಯೇನವ್ವ?"

ಅಷ್ಟು ವರ್ಷ ಕಾದಿದ್ದ ಪ್ರಶ್ನೆ. ಉತ್ತರ ಬಾಯಲ್ಲೇ ಇತ್ತು. ಆದರೆ ರೂಢಿಯಂತೆ ನನ್ನ ಕಣ್ಣೂ ಖಾಲಿ ಗೂಟದ ಕಡೆಗೇ ಹೋಯಿತು. ಅವ್ವ ನನ್ನ ಪರವಾಗಿ ಹೇಳಲು ಹೋದಳು, ಅಪ್ಪ ಕೈ ಎತ್ತಿ ಅವಳನ್ನು ತಡೆದ. ಮಾಸ್ತರರು ಹೇಳಿದ್ದಂತೆ ಸುಮ್ಮನೆ ಕೂತ. ತೂಬಿನ ಕಡೆಯಿಂದ ನೀರು ಬಂದ ಸಪ್ಪಳ ಕೇಳಿಸಿತು, ಕೆಳಗಿನ ಹೊಲದವನು ಒಡ್ಡಿನ ಮೇಲೆ ಓಡುವುದೂ ಕಾಣಿಸಿತು. ಅಂದು ಮೊದಲ ಪಾಳಿ ನಮ್ಮದು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮುಖ ನೋಡುತ್ತ ಕಾದ.

"ಹೋಗ್ತೀನಪ್ಪ," ಎಂದೆ ಕೊನೆಗೆ.

ಅಪ್ಪ ಎದ್ದ, ಸಲಿಕೆ ಹೆಗಲಿಗೇರಿಸಿದ. ಒಂದೆರಡು ಹೆಜ್ಜೆ ಹೋಗಿ ನಿಂತು, ತಿರುಗಿ, ನನ್ನನ್ನೇ ಕೇಳಿದ.

"ಶಾಪೂರ ಬಸ್ ಸ್ಟ್ಯಾಂಡ್ ಮುಂದ ಚಾದ ಹೊಟೇಲ್ ಎಷ್ಟ್ ಅದಾವ, ನೋಡೀಯೇನು?"